ಹಾಜರಿ ಅಂಗಳದ ಕುರ್ಚಿಗಳು

ಕುರ್ಚಿ ತಂದು ಹಾಕಿದಾಗಲೇ ಮುತ್ತಮ್ಮನಿಗೆ ಅನುಮಾನ ಬಂತು.

ನೀಲಿ ಪ್ಲಾಸ್ಟಿಕ್ ಕುರ್ಚಿಗಳು. ಹೊಸವು. ಕಾಲಿಗೆ ಸುತ್ತಿದ ತೆಳು ಕವರು ಇನ್ನೂ ಬಿಚ್ಚಿರಲಿಲ್ಲ. ಕಳಸದಿಂದ ಜೀಪಿನ ತಲೆಯ ಮೇಲೆ ಕಟ್ಟಿಕೊಂಡು ಬಂದು ಎಸ್ಟೇಟಿನ ಗೋಡೌನಿನಲ್ಲಿ ಸಾಲಾಗಿ ಇಟ್ಟಿದ್ದರು. ಹೋದ ವರ್ಷದ ಕಾಫಿ ಸಾಗಿಸಿ ಗೋಡೌನು ಖಾಲಿಯಾಗಿತ್ತು. ಗೋಣಿಯ ವಾಸನೆ ಮಾತ್ರ ಉಳಿದಿತ್ತು.

ಕೂಲಿಯವರ ಲೈನ್ ಮನೆಗಳ ಹೆಂಗಸರು ಬಾಗಿಲಲ್ಲೇ ನಿಂತರು. ಬಾಳೂರಿನ ಮೇಲಿನ ಈ ಎಸ್ಟೇಟಿನಲ್ಲಿ ಕೂಲಿಯವರು ಕುರ್ಚಿಯ ಮೇಲೆ ಕೂತದ್ದೇ ಇಲ್ಲ. ಬೆಳಿಗ್ಗೆ ಹಾಜರಿಗೆ ನಿಲ್ಲಬೇಕು. ಸಂಜೆ ಹಣ್ಣಿನ ತೂಕಕ್ಕೆ ನಿಲ್ಲಬೇಕು. ಬಟವಾಡೆಗೂ ನಿಲ್ಲಬೇಕು. ಕೂರುವುದೇನಿದ್ದರೂ ಮಧ್ಯಾಹ್ನ ಬುತ್ತಿ ಬಿಚ್ಚುವಾಗ, ಗಿಡದ ಬುಡದಲ್ಲಿ, ಕಾಲಿಗೆ ರಕ್ತ ಹೀರುವ ಇಂಬಳ ಹತ್ತಿದೆಯೇ ಎಂದು ನೋಡಿಕೊಳ್ಳುತ್ತ. ಮುತ್ತಮ್ಮನ ಅತ್ತೆ ಬೆನ್ನು ಬಾಗುವವರೆಗೆ ಇಲ್ಲಿ ದುಡಿದು ಬಂಗಲೆಯ ಮೆಟ್ಟಿಲು ತುಳಿಯದೆ ಸತ್ತಳು. ಅವರ ಜಾತಿಯವರು ಮೆಟ್ಟಿಲು ತುಳಿಯುವಂತಿರಲಿಲ್ಲ.

"ಬನ್ನಿ ಮುತ್ತಮ್ಮನವರೇ, ಕೂತ್ಕೊಳ್ಳಿ."

ಕರೆದವಳು ಚಿಕ್ಕಮಗಳೂರಿನಿಂದ ಬಂದ ಹುಡುಗಿ. ತುಂಗಾ ಎಂದು ಹೆಸರು. ಯಾವುದೋ ಸಂಸ್ಥೆಯವಳು. ಹೆಂಗಸರಿಗೆ ಉದ್ಯಮ ಕಟ್ಟುವುದನ್ನು ಕಲಿಸುತ್ತಾಳಂತೆ. ಈ ವಾರವೆಲ್ಲ ತರಬೇತಿ, ಕೆಲಸಕ್ಕೆ ಬರುವುದು ಬೇಡ, ಹಾಜರಿ ಸಿಗುತ್ತದೆ ಎಂದು ಹಾಜರಿ ಪುಸ್ತಕ ಬರೆಯುವ ರೈಟರ್ ಕಾಶೀನಾಥ ಹಿಂದಿನ ದಿನವೇ ಹೇಳಿದ್ದ. ಕೆಲಸ ಮಾಡದೆ ಹಾಜರಿ ಸಿಗುವುದನ್ನೂ ಮುತ್ತಮ್ಮ ಇದೇ ಮೊದಲು ಕೇಳಿದ್ದು.

ಅವಳು ಹಿಂದೆ ತಿರುಗಿ ನೋಡಿದಳು. ಮುತ್ತಮ್ಮನವರು ಎಂಬ ಬೇರೆ ಯಾರಾದರೂ ಬಂದಿರಬಹುದು ಎನಿಸಿತು. ರೈಟರ್ ದಿನಾ ಕೂಗುವುದು 'ಮುತ್ತಿ' ಎಂದು. ಮದುವೆಯಾಗಿ ಬಂದಾಗಿನಿಂದ ಅದಕ್ಕೇ ಓಗೊಟ್ಟು ರೂಢಿ.

"ಕುರ್ಚಿ ಕೊಟ್ಟೋರು ಏನಾದ್ರೂ ಕೇಳೇ ಕೇಳ್ತಾರೆ ಕಣೇ" ಎಂದಳು ಪಕ್ಕದಲ್ಲಿದ್ದ ಸಿದ್ದೀಕಾಳಿಗೆ.

ಸಿದ್ದೀಕಾ ಪಕ್ಕದ ಮನೆಯವಳು. ಗಂಡ ಬಿಟ್ಟು ಹೋದ ಮೇಲೆ ತಾಯಿಯ ಜಾಗಕ್ಕೆ ಕೆಲಸಕ್ಕೆ ಸೇರಿದ್ದಳು. ವಯಸ್ಸು ಸಣ್ಣದು, ಬಾಯಿ ದೊಡ್ಡದು. "ಕೇಳ್ಲಿ ಬಿಡು ಮುತ್ತಕ್ಕ. ನಮ್ಮ ಹತ್ರ ಕೊಡಕ್ಕೆ ಎಂತ ಇದೆ? ಸೊಂಟ ನೋವು ಒಂದಿದೆ. ಬೇಕಾದ್ರೆ ಅರ್ಧ ಕೊಡನ."

ನಗುತ್ತ ಒಳಗೆ ಹೋದರು. ಮುತ್ತಮ್ಮ ಕುರ್ಚಿಯ ತುದಿಯಲ್ಲಿ ಕೂತಳು. ಬೆನ್ನು ಆನಿಸಲಿಲ್ಲ.

ಮೊದಲ ದಿನ ಟೀ ಬಂತು. ತುಂಗಾಳಿಗೆ ಬಂಗಲೆಯಿಂದ ಪಿಂಗಾಣಿ ಕಪ್ಪು. ಇವರಿಗೆ ಪೇಪರ್ ಲೋಟ. "ಹಿಂದೆ ನಿಮ್ಮ ಜಾತಿಯೋರ ಲೋಟ ಅಂತ ಬೇರೆ ಇಟ್ಟಿದ್ರು" ಎಂದು ಸಿದ್ದೀಕಾ ಮುತ್ತಮ್ಮನ ಕಿವಿಯಲ್ಲಿ ಹೇಳಿದಳು. "ಈಗ ಇಡಾ ಕಷ್ಟನೂ ಇಲ್ಲ. ಕುಡಿದು ಬಿಸಾಡದು. ಮುಂದುವರಿದೀವಿ ಮಾರಾಯ್ತಿ."

ಸಂಜೆ ಮನೆಗೆ ಬಂದಾಗ ಭೂತಯ್ಯ ಮಂಚದ ಮೇಲಿಂದಲೇ ಕೇಳಿದ, "ಹೆಬ್ಬೆಟ್ಟು ಕೇಳಿದ್ರಾ?"

"ಇಲ್ಲ."

"ಸಹಿ?"

"ಅದೂ ಇಲ್ಲ. ಕಾಗದನೇ ತಂದಿಲ್ಲ."

"ಹಂಗಾದ್ರೆ ಸರಿ."

ಭೂತಯ್ಯ ಅವಳ ಗಂಡ. ಕರಿಮೆಣಸು ಕುಯ್ಯಲು ಬಳ್ಳಿ ಹಬ್ಬಿದ ಸಿಲ್ವರ್ ಮರ ಹತ್ತಿದಾಗ ಏಣಿ ಜಾರಿತು. ಸೊಂಟ ಮುರಿಯಿತು. ಎಸ್ಟೇಟಿನವರು ಆಸ್ಪತ್ರೆಗೆ ಸೇರಿಸಿದರು, ಅವನು ಮನೆಗೆ ಬರುವಷ್ಟರಲ್ಲಿ ಹಾಜರಿಯಿಂದ ಹೆಸರು ತೆಗೆದಿದ್ದರು. ಮನೆ ಉಳಿದದ್ದು ಮುತ್ತಮ್ಮನ ಹೆಸರಿನಿಂದ. ಲೈನ್ ಮನೆಯ ಕಾನೂನು ಯಾರೂ ಬರೆದಿಟ್ಟದ್ದಲ್ಲ, ಎಲ್ಲರಿಗೂ ಗೊತ್ತಿದ್ದದ್ದು. ಬೆಳಿಗ್ಗೆ ಹೆಸರು ಕೂಗುವವರೆಗೆ ಮನೆ. ಕೂಗುವುದು ನಿಂತರೆ ಮನೆಯೂ ಇಲ್ಲ.

ಹೆಬ್ಬೆಟ್ಟಿನ ಭಯ ಭೂತಯ್ಯನಿಗೆ ಅಪ್ಪನಿಂದ ಬಂದದ್ದು. ವಸ್ತಾರೆ ಹತ್ತಿರ ಅವರಿಗೆ ಒಂದು ತುಂಡು ಗದ್ದೆಯಿತ್ತು. ಮಳೆಗಾಲದಲ್ಲಿ ಭತ್ತ ಸಾಲ ತರಲು ಹೋದ ಅಪ್ಪ ಒಂದು ಕಾಗದಕ್ಕೆ ಹೆಬ್ಬೆಟ್ಟು ಒತ್ತಿ ಬಂದ. ಭತ್ತ ಮುಗಿಯುವ ಮೊದಲೇ ಗದ್ದೆ ಮುಗಿಯಿತು. ಆಮೇಲೆ ಎಸ್ಟೇಟು. ಸಾಯುವಾಗಲೂ ಅಪ್ಪ ಹೇಳಿದ್ದು ಒಂದೇ ಮಾತು, ಕಾಗದಕ್ಕೆ ಬೆರಳು ಕೊಡಬೇಡಿ. ಲೈನಿನ ಪ್ರತಿ ಮನೆಯಲ್ಲೂ ಇಂಥದೊಂದು ಕತೆ ಇತ್ತು. ಮಕ್ಕಳು ಓದು ಬರಹ ಕಲಿತು ಹೊರಗೆ ಹೋದರೂ ಆ ಭಯ ಮನೆಯಲ್ಲೇ ಇತ್ತು.

"ಇವತ್ತು ಇಬ್ರು ಬಂದಿದ್ರು" ಎಂದ ಭೂತಯ್ಯ. "ಟೇಪು ಹಿಡಿದು ಗೋಡೆ ಅಳತೆ ಮಾಡಿದ್ರು. ನಮ್ದು, ಸಿದ್ದೀಕಾಂದು, ಇಡೀ ಲೈನಿಂದು. ಮಾಡು ಸೋರ್ತದೆ ಅಂತ ನೀನು ರೈಟ್ರಿಗೆ ಹೇಳಿದ್ಯಲ್ಲ, ಹೊಸ ಹಂಚು ಹಾಕ್ತಾರೋ ಏನೋ."

"ಹಂಚು ಹಾಕಕ್ಕೆ ಗೋಡೆ ಯಾಕೆ ಅಳೀತಾರೆ?"

"ನಿಂಗೆ ಎಲ್ಲದಕ್ಕೂ ಅನುಮಾನ" ಎಂದು ಭೂತಯ್ಯ ಮಗ್ಗುಲು ತಿರುಗಿದ.

ಮರುದಿನದಿಂದ ಪಾಠ ಸುರುವಾಯಿತು. ತುಂಗಾ ಒಳ್ಳೆಯ ಹುಡುಗಿ. ದನಿ ಏರಿಸುತ್ತಿರಲಿಲ್ಲ. ಪ್ರತಿಯೊಬ್ಬರನ್ನೂ ಬಹುವಚನದಲ್ಲಿ ಮಾತಾಡಿಸುತ್ತಿದ್ದಳು. ನಿಮಗೆ ಏನು ಬರುತ್ತದೆ ಹೇಳಿ ಎಂದಳು. ಹೆಂಗಸರು ಮುಖ ಮುಖ ನೋಡಿಕೊಂಡರು. ಕಾಫಿ ಕುಯ್ಯೋದು, ಚಿಗುರು ತೆಗೆಯೋದು, ಗೊಬ್ಬರ ಹಾಕೋದು, ಕಣದಲ್ಲಿ ಕಾಫಿ ಬೇಳೆ ಒಣಗಿಸೋದು ಎಂದರು.

"ಅದೆಲ್ಲ ಕೆಲಸ ಅಲ್ಲ, ಕೌಶಲ್ಯ" ಎಂದಳು ತುಂಗಾ. "ನೀವು ಅದನ್ನ ಕೂಲಿ ಅಂದ್ಕೊಂಡಿದ್ದೀರಿ. ಅದು ನಿಮ್ಮ ಬಂಡವಾಳ. ಗ್ರಾಹಕನಿಗೆ ಬೇಕಾದ ವಸ್ತು ನಿಮ್ಮ ಕೈಲಿದೆ. ಅವನಿಗೆ ತುರ್ತು ಇದ್ದಾಗ ನೀವು ಆತುರ ಪಡಬಾರದು. ಷರತ್ತು ನೀವು ಹೇಳ್ಬೇಕು, ಅವನಲ್ಲ."

ಆ ಮಾತು ಮುತ್ತಮ್ಮನಿಗೆ ಹಿಡಿಸಿತು. ಹಿಡಿಸಿದ್ದಕ್ಕೇ ಭಯವಾಯಿತು.

ಸಿದ್ದೀಕಾ ಮಾತ್ರ ಕುರ್ಚಿಗೆ ಬೆನ್ನು ಕೊಟ್ಟು ಕೂತಿದ್ದಳು. ಅವಳ ತಲೆಯಲ್ಲಿ ಒಂದು ಕಾಫಿಪುಡಿಯ ಅಂಗಡಿ ತೆರೆದುಕೊಂಡಿತ್ತು. ಕಳಸದ ರಸ್ತೆಯ ತಿರುವಿನಲ್ಲಿ ಟೂರಿಸ್ಟ್ ಕಾರುಗಳು ನಿಲ್ಲುತ್ತವೆ. ಅಲ್ಲೇ ಒಲೆ ಹಾಕಿ, ಎದುರಿಗೇ ಹುರಿದು, ಬಿಸಿಬಿಸಿ ಪುಡಿ ಮಾಡಿ ಕೊಟ್ಟರೆ ಯಾರು ಬೇಡ ಅಂತಾರೆ ಎಂದಳು. ತುಂಗಾ ಚಪ್ಪಾಳೆ ತಟ್ಟಿಸಿದಳು. ಮನೆಗೆ ಹೋಗುವ ದಾರಿಯುದ್ದಕ್ಕೂ ಸಿದ್ದೀಕಾ ಅಂಗಡಿಗೆ ಹೆಸರು ಹುಡುಕಿದಳು.

"ಬೇಳೆ ಯಾರು ಕೊಡ್ತಾರೆ ನಿಂಗೆ?" ಎಂದಳು ಮುತ್ತಮ್ಮ.

"ಕನಸಿಗೂ ಸಂಬಳದಲ್ಲಿ ಹಿಡ್ಕಳ್ತೀಯ ಮುತ್ತಕ್ಕ ನೀನು."

ಕೊನೆಯ ದಿನ ಸಣ್ಣ ಸಾಹುಕಾರ ಅಜಿತ್ ಬಂದ. ದೊಡ್ಡ ಸಾಹುಕಾರರು ತೀರಿಹೋದ ಮೇಲೆ ಎಸ್ಟೇಟು ನೋಡಿಕೊಳ್ಳುವವನು ಅವನೇ. ಅವನೂ ಇವರ ಸಾಲಿನಲ್ಲೇ ಒಂದು ನೀಲಿ ಕುರ್ಚಿ ಎಳೆದುಕೊಂಡು ಕೂತ. ಹೆಂಗಸರು ದಡಬಡ ಎದ್ದು ನಿಂತರು. ಕೂತ್ಕೊಳ್ಳಿ, ಕೂತ್ಕೊಳ್ಳಿ ಎಂದ.

"ಕಾಫಿಪುಡಿ ಎಲ್ಲ ಆಮೇಲೆ ನೋಡೋಣ" ಎಂದ. ಸಿದ್ದೀಕಾಳ ಮುಖ ಸಣ್ಣದಾಯಿತು. "ಮೊದಲು ಗೊತ್ತಿರೋ ಕೆಲಸದಿಂದ ಸುರು ಮಾಡಿ. ನೀವೊಂದು ತಂಡ ಆಗಿ. ಕುಯ್ಲಿನ ಕೆಲಸ ವಹಿಸ್ಕೊಳ್ಳಿ. ನಮ್ಮ ಎಸ್ಟೇಟೇ ನಿಮ್ಮ ಮೊದಲ ಗ್ರಾಹಕ. ತಂಡಕ್ಕೆ ಹೆಸರೂ ಯೋಚನೆ ಮಾಡಿದೀನಿ. ಮುತ್ತು ಮಹಿಳಾ ಉದ್ಯಮ. ಮುತ್ತಮ್ಮನವರೇ ಅಧ್ಯಕ್ಷರು."

ಎಲ್ಲರೂ ಮುತ್ತಮ್ಮನ ಕಡೆ ತಿರುಗಿದರು. ಸಾಹುಕಾರರ ಬಾಯಲ್ಲಿ 'ನವರೇ' ಬಂದದ್ದು ಕೇಳಿ ಅವಳ ಕಿವಿ ಬಿಸಿಯಾಯಿತು. ಮೇಜಿನ ಮೇಲೆ ನೋಡಿದಳು. ಕಾಗದವಿರಲಿಲ್ಲ. ಶಾಯಿಯ ಡಬ್ಬಿ ಇರಲಿಲ್ಲ. ಕಾಶೀನಾಥನ ಕೈಯೂ ಖಾಲಿಯಿತ್ತು.

"ಒಂದು ಸಣ್ಣ ವಿಡಿಯೋ ಅಷ್ಟೆ" ಎಂದಳು ತುಂಗಾ. "ಆತ್ಮವಿಶ್ವಾಸಕ್ಕೆ. ಒಬ್ಬೊಬ್ಬರಾಗಿ ಬಂದು ಹೇಳಿ. ನಾನು ಕೂಲಿಯವಳಲ್ಲ. ನಾನು ಉದ್ಯಮಿ."

ಮೊದಲು ಮುತ್ತಮ್ಮನನ್ನೇ ನಿಲ್ಲಿಸಿದರು. ತಲೆ ತಗ್ಗಿಸಿ ಹೇಳಿದಳು.

"ಇನ್ನೊಂದ್ಸಲ" ಎಂದಳು ಮೊಬೈಲು ಹಿಡಿದಿದ್ದ ತುಂಗಾ. "ಜೋರಾಗಿ."

"ನಾನು ಕೂಲಿಯವಳಲ್ಲ. ನಾನು ಉದ್ಯಮಿ."

ದನಿ ಗೋಡೌನಿನ ತಗಡಿಗೆ ಬಡಿದು ವಾಪಸು ಬಂತು. ಚಪ್ಪಾಳೆ ಬಿತ್ತು. ಅವಳ ಹಿಂದೆ ಎಲ್ಲರೂ ಹೇಳಿದರು. ಹೇಳಿಕೊಟ್ಟಿದ್ದನ್ನು ಹೇಳುವುದು ಅವರಿಗೆ ಕಷ್ಟವಿರಲಿಲ್ಲ. ಕೂಗಿದಾಗ ಓಗೊಡುವುದನ್ನು ತಾಯಂದಿರ ಕಾಲದಿಂದ ಮಾಡಿಕೊಂಡು ಬಂದವರು.

"ಹೆಬ್ಬೆಟ್ಟು?" ಎಂದ ಅಂದು ಸಂಜೆಯೂ ಭೂತಯ್ಯ.

"ಇಲ್ಲ. ಬರೀ ಬಾಯಲ್ಲಿ ಹೇಳಿಸಿದ್ರು."

"ಬಾಯಿ ಮಾತು ತಾನೇ" ಎಂದ. "ಹಂಗಾದ್ರೆ ಸರಿ."

ಮಳೆ ಹಿಂದೆ ಸರಿಯಿತು. ಅರೇಬಿಕಾ ಕಾಫಿ ಹಣ್ಣಾಯಿತು. ಕೆಳಗಿನ ಬ್ಲಾಕಿನಲ್ಲಿ ಎಲೆ ಕಾಣದ ಹಾಗೆ ಗಿಡಗಳು ಕೆಂಪಾದವು. ಕುಯ್ಲಿನ ಮೊದಲ ದಿನ ಎಂದಿನಂತೆ ಆಫೀಸಿನ ಮುಂದೆ ನೇತುಹಾಕಿದ್ದ ರೈಲು ಹಳಿಯ ತುಂಡನ್ನು ಬಡಿದರು. ಹೆಂಗಸರು ಸೀರೆಯ ಮೇಲೆ ಗಂಡಸರ ಹಳೇ ಶರ್ಟು ತೊಟ್ಟು, ಸೊಂಟಕ್ಕೆ ಚೀಲ ಬಿಗಿದು ಹಾಜರಿ ಅಂಗಳದಲ್ಲಿ ನಿಂತರು.

ಕಾಶೀನಾಥ ಗಂಡಸರ ಹೆಸರು ಕೂಗಿದ. ಒಬ್ಬೊಬ್ಬರೂ ಓಗೊಟ್ಟರು. ಆಮೇಲೆ ಅಸ್ಸಾಮಿನವರ ಕಡೆ ಹೋದ. ಅವರ ಹೆಸರನ್ನು ಯಾರೂ ಕೂಗುವುದಿಲ್ಲ. ಕಂಟ್ರಾಕ್ಟರು ಕರೆತಂದ ಜನ, ಬೆರಳು ತೋರಿಸಿ ತಲೆ ಎಣಿಸುತ್ತಾರೆ. ಎಣಿಸಿ ಬಂದು ಪುಸ್ತಕ ಮುಚ್ಚಿದ.

"ಆಯ್ತು. ಹೊರಡಿ."

ಹೆಂಗಸರು ಅಲ್ಲಾಡಲಿಲ್ಲ.

"ರೈಟ್ರೇ, ನಮ್ಮ ಹೆಸ್ರು ಕೂಗ್ಲಿಲ್ಲ" ಎಂದಳು ಮುತ್ತಮ್ಮ.

"ನಿಮ್ದು ಈಗ ಹಾಜರೀಲಿ ಬರಲ್ಲ. ನಿಮ್ದು ತಂಡ. ನಿನ್ನ ಜನನ ನೀನೇ ಕರ್ಕೊಂಡು ಹೋಗು. ಯಾರು ಬಂದ್ರು, ಯಾರು ಬಿಟ್ರು, ಎಸ್ಟೇಟಿಗೆ ಸಂಬಂಧ ಇಲ್ಲ. ಸಂಜೆ ತೂಕ ನೋಡಿ ನಿನ್ನ ಕೈಗೆ ಕೊಡ್ತಾರೆ. ಹಂಚ್ಕೊಳ್ಳಿ."

"ಬಿದ್ದು ಕೈಕಾಲು ಮುರಿದ್ರೆ?"

ಕಾಶೀನಾಥ ಬಂಗಲೆಯ ಕಡೆ ನೋಡಿದ. ಅಜಿತ್ ಕಾಫಿ ಕಪ್ಪು ಹಿಡಿದು ಜಗಲಿಗೆ ಬಂದಿದ್ದ.

"ಏನು ಮುತ್ತಮ್ಮನವರೇ? ಹೊತ್ತಾಯ್ತಲ್ಲ."

"ನಮ್ಮ ಹೆಸ್ರು ತೆಗೆದಿದೀರಂತೆ ಸಾಹುಕಾರ್ರೇ. ಯಾರನ್ನ ಕೇಳಿ ತೆಗೆದ್ರಿ?"

"ನಿಮ್ಮನ್ನೇ." ಅವನು ನಕ್ಕ. ಜೇಬಿನಿಂದ ಮೊಬೈಲು ತೆಗೆದು ಮೇಲಕ್ಕೆ ಹಿಡಿದ. ಹಾಜರಿ ಅಂಗಳದಲ್ಲಿ ಮುತ್ತಮ್ಮನ ದನಿ ಕೇಳಿಸಿತು. ನಾನು ಕೂಲಿಯವಳಲ್ಲ. ನಾನು ಉದ್ಯಮಿ. ಆಮೇಲೆ ಸಿದ್ದೀಕಾಳ ದನಿ. ಆಮೇಲೆ ಇನ್ನೊಬ್ಬಳದು. ಗಂಡಸರು ಕೆಲವರು ನಕ್ಕರು. ಅಸ್ಸಾಮಿನವರು ಏನೆಂದು ತಿಳಿಯದೆ ನೋಡಿದರು.

"ಯಾರಾದ್ರೂ ಬಲವಂತ ಮಾಡಿದ್ರಾ? ಕೂಲಿ ಅಲ್ಲ ಅಂದ ಮೇಲೆ ಕೂಲಿಯವರ ಹಾಜರೀಲಿ ಹೆಸರು ಹೇಗಿರುತ್ತೆ?"

ಮುತ್ತಮ್ಮ ಕೇಳಬೇಕಾದ್ದು ಒಂದೇ ಉಳಿದಿತ್ತು. "ಮನೆ?"

"ಲೈನ್ ಮನೆ ಎಸ್ಟೇಟಿನ ಕೂಲಿಯವರಿಗೆ. ನೀವು ಹೊರಗಿನ ತಂಡ. ನಾನೇನು ಇವತ್ತೇ ಖಾಲಿ ಮಾಡಿ ಅಂದ್ನಾ? ಕುಯ್ಲು ಮುಗೀಲಿ. ಆಮೇಲೆ ಅಲ್ಲಿ ಟೂರಿಸ್ಟ್‌ಗಳಿಗೆ ರೂಮು ಮಾಡ್ತಿದೀವಿ. ಪ್ಲಾನೂ ಆಗಿದೆ."

ಟೇಪು ಹಿಡಿದು ಗೋಡೆ ಅಳೆದವರು. ಹೊಸ ಹಂಚು ಬರುತ್ತದೆ ಎಂದು ಕಾಯುತ್ತ ಮಂಚದ ಮೇಲೆ ಮಲಗಿರುವ ಭೂತಯ್ಯ.

ಹಿಂದಿನಿಂದ ಯಾರೋ ಹೇಳಿದರು, "ಅವಳ ಹೆಸರಿನ ತಂಡ. ಅವಳಿಗೆ ಮೊದ್ಲೇ ಗೊತ್ತಿತ್ತೋ ಏನೋ." ಇನ್ನೊಬ್ಬಳು, "ಸಾಹುಕಾರ್ರು 'ನವರೇ' ಅಂದ್ರಲ್ಲ, ಸಾಕಾಯ್ತು" ಎಂದಳು.

ಆ ಮಾತು ಕಾಲಿಗೆ ಕತ್ತಿ ಬಿದ್ದಂತೆ ಬಿತ್ತು. ಮುತ್ತಮ್ಮ ತಿರುಗಲಿಲ್ಲ. ಅವರ ಜಾಗದಲ್ಲಿ ತಾನಿದ್ದರೂ ಹಾಗೇ ಅನ್ನುತ್ತಿದ್ದೆ ಎಂದು ಅವಳಿಗೆ ಗೊತ್ತಿತ್ತು. ಅವಳು ಎಲ್ಲವನ್ನೂ ಅನುಮಾನದಿಂದ ನೋಡಿದ್ದಳು. ಕುರ್ಚಿಯನ್ನು, ಟೀಯನ್ನು, ಟೇಪನ್ನು. ಬೆರಳನ್ನು ಕಾಯ್ದುಕೊಂಡಿದ್ದಳು. ಬಾಯನ್ನು ಕಾಯಬೇಕೆಂದು ಯಾರೂ ಹೇಳಿಕೊಟ್ಟಿರಲಿಲ್ಲ.

ಸಿದ್ದೀಕಾ ಅಷ್ಟರಲ್ಲಿ ತುಂಗಾಳಿಗೆ ಫೋನು ಮಾಡಿದ್ದಳು. ಎಲ್ಲರಿಗೂ ಕೇಳಲೆಂದು ಸ್ಪೀಕರ್ ಹಾಕಿದಳು.

"ನಂಗೆ ಇದು ಗೊತ್ತಿರಲಿಲ್ಲ ಸಿದ್ದೀಕಾ ಅವ್ರೇ" ಎಂದಿತು ತುಂಗಾಳ ದನಿ. "ವಿಡಿಯೋ ಸಂಸ್ಥೆಗೆ ಅಂತ ತಗೊಂಡಿದ್ದು. ಎಸ್ಟೇಟಿನವ್ರು ಕೇಳಿದ್ರು, ಕಳಿಸ್ದೆ. ನಾನೀಗ ಬೇರೆ ಕಡೆ ತರಬೇತೀಲಿದೀನಿ. ಸಂಜೆ ಮಾಡ್ಲಾ?"

"ಅಲ್ಲಿ ಕೂತಿರೋ ಹೆಂಗಸ್ರಿಗಾದ್ರೂ ಹೇಳಿ ಮೇಡಂ, ಬಾಯಿ ಮುಚ್ಕೊಂಡು ಕೂರಕ್ಕೆ" ಎಂದು ಸಿದ್ದೀಕಾ ಫೋನು ಇಟ್ಟಳು.

ಹುಡುಗಿ ಸುಳ್ಳು ಹೇಳುತ್ತಿಲ್ಲ ಎಂದು ಮುತ್ತಮ್ಮನಿಗೆ ಅನಿಸಿತು. ಗೊತ್ತಿಲ್ಲದೆ ಇರುವುದಕ್ಕೇ ಅವಳಿಗೆ ಸಂಬಳ ಕೊಡುತ್ತಾರೆ.

ಅಜಿತ್ ಗಡಿಯಾರ ನೋಡಿದ. "ಹಣ್ಣು ಗಿಡದಲ್ಲಿ ಕಾಯಲ್ಲ. ನಿಮಗೆ ನಾನು ಹೇಳ್ಬೇಕಾ?"

ಮುತ್ತಮ್ಮ ಸೊಂಟಕ್ಕೆ ಕೈ ಹಾಕಿದಳು. ಚೀಲದ ಗಂಟು ಬಿಗಿಯಾಗಿತ್ತು. ಉಗುರಿನಿಂದ ಬಿಚ್ಚಿದಳು. ಚೀಲ ಅಂಗಳದ ಮಣ್ಣಿಗೆ ಬಿತ್ತು. ಗೋಡೌನಿನ ಕಡೆ ನಡೆದಳು. ಹೊಸ ಬೆಳೆಗೆ ಜಾಗ ಮಾಡಲು ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿ ಬಾಗಿಲ ಹೊರಗೆ ಇಟ್ಟಿದ್ದರು. ಮೇಲಿನದನ್ನು ಎಳೆದಳು. ಎತ್ತಿಕೊಂಡು ಬಂದು ಹಾಜರಿ ಅಂಗಳದ ನಡುವೆ, ಜಗಲಿಗೆ ಎದುರಾಗಿ ಇಟ್ಟಳು. ಕೂತಳು. ಬೆನ್ನು ಆನಿಸಿದಳು.

"ಮುತ್ತೀ!" ಎಂದು ಕಾಶೀನಾಥ ಕಿರುಚಿದ. "ಏನು ಮಾಡ್ತಿದೀಯ? ಏಳೇ ಮೇಲೆ!"

"ಉದ್ಯಮಿ ಅಲ್ವಾ ರೈಟ್ರೇ ನಾನು? ಉದ್ಯಮಿ ನಿಂತ್ಕೋತಾಳಾ?" ಅವಳು ಅಜಿತನ ಕಡೆ ನೋಡಿದಳು. "ಸಾಹುಕಾರ್ರೇ, ನೀವು ನಮ್ಮ ಗಿರಾಕಿ ಅಂದ್ರಿ. ಸರಿ. ಇವತ್ತು ನಮ್ಮ ಅಂಗಡಿ ತೆಗೆಯಲ್ಲ."

ಸಿದ್ದೀಕಾಳಿಗೆ ನಗು ಬಂತು. ಅಳುವೂ ಬಂತು. ಅವಳು ಓಡಿ ಹೋಗಿ ಕುರ್ಚಿ ತಂದಳು. ಬಂದು ಮುತ್ತಮ್ಮನ ಪಕ್ಕ ಕೂತು ಹಿಂದಿನವರಿಗೆ ಹೇಳಿದಳು, "ಮುತ್ತಕ್ಕಂಗೆ ಗೊತ್ತಿತ್ತು ಅಂದೋರು ಯಾರು? ಅವಳ ಮನೇಲೂ ಮಂಚದ ಮೇಲೆ ಒಬ್ರು ಮಲಗಿದಾರೆ. ಬಂದು ಕೂತ್ಕೊಳ್ಳಿ. ಕುರ್ಚಿ ನಮಗಂತಲೇ ತಂದಿದ್ದು."

ಒಬ್ಬೊಬ್ಬರಾಗಿ ಬಂದರು. ಒಡನೆ ಬರಲಿಲ್ಲ. ಮುತ್ತಮ್ಮನ ಬೆನ್ನ ಹಿಂದೆ ಮೊದಲು ಮಾತಾಡಿದವಳು ಎಲ್ಲರಿಗಿಂತ ಕೊನೆಗೆ ಬಂದಳು. ಕುರ್ಚಿಯನ್ನು ಮುತ್ತಮ್ಮನಿಂದ ದೂರ ಹಾಕಿಕೊಂಡಳು. ಆದರೂ ಕೂತಳು.

"ಬೇರೆ ಕಡೆಯಿಂದ ಜನ ತರ್ತೀನಿ" ಎಂದ ಅಜಿತ್.

"ತರ್ಸಿ" ಎಂದಳು ಸಿದ್ದೀಕಾ. "ಬಾಳೂರಿಂದ ಕಳಸದವರೆಗೆ ಎಲ್ಲ ತೋಟನೂ ಹಣ್ಣಾಗಿ ಕೂತಿದೆ. ಯಾರು ತಮ್ಮ ಜನ ಕೊಡ್ತಾರೆ ನೋಡನ."

ಬಿಸಿಲು ಏರಿತು. ಗಂಡಸರು ಕೆಲಸಕ್ಕೆ ಹೋದಂತೆ ಮಾಡಿ ಬೇಲಿಯ ಆಚೆ ನಿಂತರು. ಅಸ್ಸಾಮಿನವರನ್ನು ಕೆಳಗಿನ ಬ್ಲಾಕಿಗೆ ಅಟ್ಟಿದರು. ಅವರು ಇದ್ದದ್ದೇ ಕೆಲವರು. ಅಜಿತ್ ಜಗಲಿಯ ಮೇಲೆ ಅತ್ತಿಂದಿತ್ತ ಓಡಾಡುತ್ತ ಫೋನಿನಲ್ಲಿ ಮಾತಾಡಿದ. ಮೊದಲು ಜೋರಾಗಿ, ಆಮೇಲೆ ಮೆಲ್ಲಗೆ. ಮಾರಾಯ, ಒಂದು ಜೀಪಿನಷ್ಟಾದ್ರೂ ಕಳಿಸು ಮಾರಾಯ ಎನ್ನುವುದು ಕೇಳಿಸಿತು. ಹೆಂಗಸರು ಬುತ್ತಿ ಬಿಚ್ಚಿದರು. ಕುರ್ಚಿಯ ಮೇಲೆ ಕೂತು ಉಂಡರು. ಸಾಹುಕಾರರ ಎದುರಿಗೆ ಅಗಿಯಲು ಮುತ್ತಮ್ಮನ ದವಡೆ ಮೊದಲು ಒಪ್ಪಲಿಲ್ಲ. ಅನ್ನ ಸೀರೆಗೆ ಬಿತ್ತು. ಹೆಕ್ಕಿ ತಿಂದಳು.

ಮಧ್ಯಾಹ್ನ ಕಳೆದ ಮೇಲೆ ಬೆಟ್ಟದ ಹಿಂದಿನಿಂದ ಮೋಡ ಎದ್ದಿತು. ಕುಯ್ಲಿನ ಹೊತ್ತಿನಲ್ಲಿ ಬರಬಾರದ ಮೋಡ. ಮಳೆ ಹೊಡೆದರೆ ಹಣ್ಣು ಬಿರಿದು ಉದುರುತ್ತದೆ. ಅಂಗಳದಲ್ಲಿ ಕೂತವರು, ಜಗಲಿಯ ಮೇಲೆ ನಿಂತವನು, ಎಲ್ಲರೂ ಒಂದೇ ಕಡೆ ನೋಡಿದರು.

ಅಜಿತ್ ಕಾಶೀನಾಥನನ್ನು ಒಳಗೆ ಕರೆದ. ಸ್ವಲ್ಪ ಹೊತ್ತಿನ ಮೇಲೆ ಕಾಶೀನಾಥ ಹಾಜರಿ ಪುಸ್ತಕ ಹಿಡಿದು ಹೊರಗೆ ಬಂದ. ಮುಖ ಗಂಟಿಕ್ಕಿಕೊಂಡಿದ್ದ.

"ಸಾಹುಕಾರ್ರು ದೊಡ್ಡ ಮನಸ್ಸು ಮಾಡಿದಾರೆ. ಹೆಸರು ವಾಪಸು ಹಾಕಕ್ಕೆ ಹೇಳಿದಾರೆ. ಏಳಿ, ಲೈನಾಗಿ ನಿಂತ್ಕೊಳ್ಳಿ."

ಕೆಲವರು ಏಳಲು ಹೊರಟರು. ಮುತ್ತಮ್ಮ ಕೈ ಅಡ್ಡ ಹಿಡಿದಳು. ಕುರ್ಚಿ ಕೊಟ್ಟವರು ಕೇಳಿದ್ದು ಏನೆಂದು ಈಗ ಗೊತ್ತಿತ್ತು. ಹೆಸರು ಕೊಡುವವರು ಏನು ಕೇಳುತ್ತಾರೋ ಗೊತ್ತಿರಲಿಲ್ಲ. ಕುಯ್ಲು ಮುಗಿದ ಮೇಲೆ ಈ ಹೆಸರು ಇರುತ್ತದೋ ಇಲ್ಲವೋ, ಅದೂ ಗೊತ್ತಿರಲಿಲ್ಲ.

"ಸಿದ್ದೀಕಾ, ನಿನ್ನ ಮೊಬೈಲು ತೆಗಿ" ಎಂದಳು. "ರೈಟ್ರ ಮುಖಕ್ಕೆ ಹಿಡಿ. ಹಿಂದೆ ಸಾಹುಕಾರ್ರೂ ಕಾಣ್ಬೇಕು."

ಸಿದ್ದೀಕಾ ಹಿಡಿದಳು. ಕಾಶೀನಾಥ ಜಗಲಿಯ ಕಡೆ ತಿರುಗಿ ನೋಡಿದ. ಅಜಿತ್ ಮೋಡ ನೋಡುತ್ತಿದ್ದ.

"ಮುತ್ತಿ" ಎಂದು ಕೂಗಿದ ಕಾಶೀನಾಥ.

ಯಾರೂ ಓಗೊಡಲಿಲ್ಲ.

"ಮುತ್ತೀ! ಎದುರಿಗೇ ಕೂತಿದೀಯಲ್ಲ, ಕಿವಿ ಕೇಳಲ್ವಾ?"

"ಅದು ಯಾರ ಹೆಸ್ರು ರೈಟ್ರೇ?"

ಬೇಲಿಯಾಚೆಯ ಗಂಡಸರು ಈಗ ನಗಲಿಲ್ಲ. ಕಾಶೀನಾಥ ಗಂಟಲು ಸರಿಮಾಡಿಕೊಂಡ. ಪುಸ್ತಕದಲ್ಲಿ ಮುಖ ಇಟ್ಟು, ತನಗೆ ತಾನೇ ಹೇಳಿಕೊಳ್ಳುವಂತೆ ಅಂದ.

"ಮುತ್ತಮ್ಮ."

ಅವಳು ಎದ್ದು ನಿಲ್ಲಲಿಲ್ಲ. ಸಿದ್ದೀಕಾಳ ಮೊಬೈಲಿನ ಕಡೆ ಒಮ್ಮೆ ನೋಡಿ, ರೈಟರ್ ಕಡೆ ತಿರುಗಿದಳು.

"ಇನ್ನೊಂದ್ಸಲ" ಎಂದಳು. "ಜೋರಾಗಿ."